ಬಿಲ್ ಹೊರಟಿತು, ತಲುಪಿತೇ?

ದೊಡ್ಡಬಳ್ಳಾಪುರದ ಸೀರೆ ಘಟಕವೊಂದು ತನ್ನ ಬಿಲ್ಲಿಂಗ್ ಸಾಫ್ಟ್‌ವೇರನ್ನು ಕ್ಲೌಡ್‌ಗೆ ಏರಿಸಿತು ಎಂದುಕೊಳ್ಳಿ. ಆರ್ಡರ್ ಬಂದೊಡನೆ ಇನ್‌ವಾಯ್ಸ್ ತಾನಾಗಿ ಮೇಲ್ ಆಗಬೇಕು. ಆಗುವುದಿಲ್ಲ. ಆಗ ಕೇಳಿಬರುವ ಸಲಹೆಗಳಲ್ಲಿ ತಪ್ಪೇ ಜಾಸ್ತಿ.

ನಂಬಿಕೆ: ಸರ್ವರ್ ಬಾಡಿಗೆಗೆ ಪಡೆದರೆ ಮೇಲ್ ಕಳಿಸುವ ಅನುಕೂಲವೂ ಜೊತೆಗೇ ಬರುತ್ತದೆ.

ಸತ್ಯ: ಅಮೆಜಾನ್, ಗೂಗಲ್ ಕ್ಲೌಡ್‌ಗಳು ಸ್ಪ್ಯಾಮ್ ಕಾಟಕ್ಕೆ ಹೆದರಿ ಮೇಲ್ ಹೊರಹೋಗುವ 25ನೇ ಪೋರ್ಟನ್ನು ಮೊದಲೇ ಮುಚ್ಚಿರುತ್ತವೆ. ಮೇಲ್ ಕಳಿಸುವ ತಂತ್ರಾಂಶವಾದ ಪೋಸ್ಟ್‌ಫಿಕ್ಸನ್ನು ಎಷ್ಟು ಸಲ ಹೊಸದಾಗಿ ಹಾಕಿದರೂ ಲಾಗ್‌ನಲ್ಲಿ ‘ಕನೆಕ್ಷನ್ ಟೈಮ್ಡ್ ಔಟ್’ ತಪ್ಪದು. ಸುಲಭದ ದಾರಿ, 587ನೇ ಪೋರ್ಟ್ ಮೂಲಕ ರಿಲೇ ಸೇವೆಯೊಂದಕ್ಕೆ ಮೇಲ್ ಒಪ್ಪಿಸುವುದು. ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ನ ‘ರಿಲೇಹೋಸ್ಟ್’ ಸಾಲಿನಲ್ಲಿ ಆ ಸೇವೆಯ ಹೆಸರನ್ನು ಚೌಕ ಕಂಸದೊಳಗೆ ಬರೆಯಿರಿ. ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಮೇಲ್ ಸ್ವೀಕರಿಸುವ ಸರ್ವರ್ ಯಾವುದೆಂದು ಹೇಳುವ ಎಂಎಕ್ಸ್ ದಾಖಲೆ ಹುಡುಕಿಕೊಂಡು ಬೇರೆ ಬಾಗಿಲಿಗೆ ಹೋದೀತು. ಟಿಎಲ್‌ಎಸ್ ಗೂಢಲಿಪೀಕರಣ ಕಡ್ಡಾಯ ಮಾಡಿ. ರಿಲೇ ಸೇವೆಯ ಪಾಸ್‌ವರ್ಡ್ ಇರುವ ಫೈಲ್ ತಿದ್ದಿದ ಮೇಲೆ ‘ಪೋಸ್ಟ್‌ಮ್ಯಾಪ್’ ಓಡಿಸಿ.

ನಂಬಿಕೆ: ಕಳಿಸಿದವರ ಜಾಗದಲ್ಲಿ ಮಾಲೀಕರ ಜಿಮೇಲ್ ವಿಳಾಸ ಹಾಕಿದರೆ ಗ್ರಾಹಕರಿಗೆ ವಿಶ್ವಾಸ.

ಸತ್ಯ: ಗ್ರಾಹಕರಿಗೇನೋ ಇರಬಹುದು, ಅವರ ಮೇಲ್ ಸರ್ವರ್‌ಗೆ ಇರದು. ಮೇಲ್ ಸಾಗಿಸುವ 1982ರ ಎಸ್‌ಎಂಟಿಪಿ ನಿಯಮದಲ್ಲಿ ಕಳಿಸಿದವರು ಯಾರೆಂದು ಪರೀಕ್ಷಿಸುವ ವ್ಯವಸ್ಥೆಯೇ ಇರಲಿಲ್ಲ. ಆ ಕೊರತೆ ತುಂಬಲು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಬಂದವು. ಯಾವ ಸರ್ವರ್‌ಗಳು ನಿಮ್ಮ ಡೊಮೇನ್ ಪರವಾಗಿ ಕಳಿಸಬಹುದೆಂದು ಎಸ್‌ಪಿಎಫ್ ಸಾರುತ್ತದೆ. ಡಿಕಿಮ್ ಪ್ರತಿ ಮೇಲ್‌ಗೂ ಸಹಿ ಹಾಕುತ್ತದೆ. ಇವು ಓದುಗರಿಗೆ ಕಾಣುವ ವಿಳಾಸದ ಡೊಮೇನ್‌ಗೆ ಹೊಂದುತ್ತವೆಯೇ ಎಂದು ನೋಡುವುದು ಡಿಮಾರ್ಕ್. ದೊಡ್ಡಬಳ್ಳಾಪುರದ ಪಕ್ಕದ ರಾಜಘಟ್ಟದಲ್ಲಿ 2001ರ ಉತ್ಖನನದಲ್ಲಿ ಬೌದ್ಧರ ಪುಟ್ಟ ಮಣ್ಣಿನ ಸ್ತೂಪಗಳು ಸಿಕ್ಕವು, ಅವುಗಳ ಒಡಲಲ್ಲಿ ಅಕ್ಷರವೊತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಡಿಕಿಮ್ ಸಹಿಯೂ ಹಾಗೆಯೇ ಮೇಲ್‌ನ ಹೆಡರ್‌ನ ಒಳಗಿರುತ್ತದೆ, ಹೊರಗಿನಿಂದ ನೋಡಿದವರಿಗೆ ಕಾಣದು. ಜಿಮೇಲ್ ಡೊಮೇನ್ ನಿಮ್ಮದಲ್ಲ, ಅದರ ಹೆಸರಲ್ಲಿ ನಿಮ್ಮ ರಿಲೇ ಸಹಿ ಹಾಕಲಾರದು. ಸ್ವಲ್ಪ ಹಣ ಕೊಟ್ಟು ಸ್ವಂತ ಡೊಮೇನ್ ಪಡೆಯುವುದೇ ಮೇಲು. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಅಥವಾ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ 2024ರ ಫೆಬ್ರವರಿಯಿಂದ ಜಿಮೇಲ್ ಕಡ್ಡಾಯ ಮಾಡಿದೆ. ಸಣ್ಣವರಿಗೂ ಎಸ್‌ಪಿಎಫ್ ಇಲ್ಲವೇ ಡಿಕಿಮ್ ಬೇಕೇ ಬೇಕು.

ನಂಬಿಕೆ: ಲಾಗ್‌ನಲ್ಲಿ 250 ಎಂಬ ಒಪ್ಪಿಗೆಯ ಸಂಕೇತ ಕಂಡಿತು, ಮೇಲ್ ಮುಟ್ಟಿತು.

ಸತ್ಯ: ರಿಲೇ ಅದನ್ನು ವಹಿಸಿಕೊಂಡಿತು, ಅಷ್ಟೇ. ಮುಂದೆ ಗ್ರಾಹಕರ ಸರ್ವರ್ 550 ಎಂದು ತಿರಸ್ಕರಿಸಿದರೆ ಆ ಸುದ್ದಿ ಬೌನ್ಸ್ ಆಗಿ ಆಮೇಲೆ ಬರುತ್ತದೆ. ಅದನ್ನು ‘ನೋ ರಿಪ್ಲೈ’ ವಿಳಾಸಕ್ಕೆ ಕಟ್ಟಿ ಕೈತೊಳೆದುಕೊಂಡವರಿಗೆ ಬಾಕಿ ವಸೂಲಿಯ ದಿನವೇ ಗೊತ್ತಾಗುವುದು.

ನಿಮ್ಮ ಪೋಸ್ಟ್‌ಫಿಕ್ಸನ್ನೇ ಎಲ್ಲ ಐಪಿಗಳಿಗೂ ರಿಲೇಯಾಗಿ ತೆರೆದಿಟ್ಟರೆ ತೊಂದರೆ ತಪ್ಪುತ್ತದೆ ಎನ್ನುವವರ ಮಾತು ಕೇಳಲೇಬೇಡಿ. ನಿಮ್ಮ ಸರ್ವರ್ ಸ್ಪ್ಯಾಮಿಗರ ಛತ್ರವಾಗುತ್ತದೆ.

ಮೊದಲ ಬಿಲ್ಲನ್ನು ನಿಮ್ಮದೇ ಜಿಮೇಲ್‌ಗೆ ಕಳಿಸಿ, ‘ಶೋ ಒರಿಜಿನಲ್’ ತೆರೆಯಿರಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೂ ‘ಪಾಸ್’ ಎಂದಿದ್ದರೆ ಮಾತ್ರ ಗ್ರಾಹಕರ ಪಟ್ಟಿಗೆ ಕೈಹಾಕಿ.