ಗೋದಲಿ ಬಲ್ಲ ಮಗುವಿಗೆ ಹಿಮದ ಚಿತ್ರ

ಡಿಸೆಂಬರ್ ಬಂತೆಂದರೆ ಪುಸ್ತಕದಂಗಡಿಗಳ ಮಕ್ಕಳ ಕಪಾಟಿನಲ್ಲಿ ಹಿಮ ಬೀಳುತ್ತದೆ. ಮುಖಪುಟದ ಮೇಲೆ ಬಿಳಿ ಚಾವಣಿ, ಹೊಗೆಗೂಡು, ಸೂಜಿಯೆಲೆಯ ಮರ, ಹಿಮಸಾರಂಗಗಳು ಎಳೆಯುವ ಜಾರುಬಂಡಿ, ಅದರಲ್ಲಿ ಕೆಂಪು ನಿಲುವಂಗಿಯ ಮುದುಕ. ರಾಯಚೂರು ಸೀಮೆಯ ಗುಂಜಹಳ್ಳಿಯಂಥ ಊರಿನಲ್ಲಿ ಮೂರು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಂಥ ಪುಸ್ತಕ ಬಿಡಿಸಿದರೆ ಮೊದಲ ಪುಟದಲ್ಲೇ ದೊಡ್ಡವರಿಗೆ ಕೆಲಸ ಶುರುವಾಗುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಾಡಿನ ಕೂಸಿಗೆ ಆ ಬಿಳುಪು ಹತ್ತಿಯ ರಾಶಿಯಂತೆ ಕಂಡರೆ ಆಶ್ಚರ್ಯವಿಲ್ಲ. ಹಾಗೆ ನೋಡಿದರೆ ಅದು ತಪ್ಪು ಉತ್ತರವೂ ಅಲ್ಲ. ನಮ್ಮ ಊರುಗಳ ಕ್ರಿಸ್‌ಮಸ್ ಮರಗಳಿಗೆ ಹಿಮವೆಂದು ಅಂಟಿಸುವುದು ಹತ್ತಿಯನ್ನೇ.

ಮಗು ಕಾಣದ್ದನ್ನು ತೋರಿಸಬಾರದೆಂದು ಇದರ ಅರ್ಥವಲ್ಲ. ಆನೆ ನೋಡದ ಮಗುವೂ ಆನೆಯ ಚಿತ್ರಕ್ಕೆ ಹಿಗ್ಗುತ್ತದೆ. ಆದರೆ ಈ ಹಿಮ ಕ್ರಿಸ್‌ಮಸ್ ಕಥೆಗೆ ಸೇರಿದ್ದೇ ಎಂದು ಕೇಳಿದರೆ, ಅಲ್ಲ. ಬೈಬಲ್ಲಿನ ಜನನದ ಕಥೆಯಲ್ಲಿ ಹಿಮವಿಲ್ಲ, ಅಲಂಕರಿಸಿದ ಮರವಿಲ್ಲ, ಹೊಗೆಗೂಡಂತೂ ಇಲ್ಲವೇ ಇಲ್ಲ. ಅವೆಲ್ಲ ಬಹುಮಟ್ಟಿಗೆ 19ನೇ ಶತಮಾನದ ಅಮೆರಿಕ ಮತ್ತು ಇಂಗ್ಲೆಂಡಿನ ಅಚ್ಚುಮನೆಗಳ ಕೊಡುಗೆ. ಕ್ಲೆಮೆಂಟ್ ಮೂರ್ ಹೆಸರಿನಲ್ಲಿ ಪ್ರಸಿದ್ಧವಾದ, 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಪತ್ರಿಕೆಯೊಂದರಲ್ಲಿ ಬಂದ ಪದ್ಯ ಜಾರುಬಂಡಿಯನ್ನೂ ಹೊಗೆಗೂಡನ್ನೂ ಮನೆಮಾತಾಗಿಸಿತು. 1863ರಿಂದ 'ಹಾರ್ಪರ್ಸ್ ವೀಕ್ಲಿ'ಯಲ್ಲಿ ಥಾಮಸ್ ನ್ಯಾಸ್ಟ್ ಬರೆದ ಚಿತ್ರಗಳು ಆ ಮುದುಕನಿಗೆ ಡೊಳ್ಳುಹೊಟ್ಟೆ ಮತ್ತು ಗಡ್ಡ ಕೊಟ್ಟು ನೆಲೆ ನಿಲ್ಲಿಸಿದವು.

ಮಕ್ಕಳ ಚಿತ್ರಪುಸ್ತಕ ಎಂಬ ವಸ್ತುವೇ ಕ್ರಿಸ್‌ಮಸ್ ಉಡುಗೊರೆಯ ವ್ಯಾಪಾರದ ಜೊತೆಗೆ ಬೆಳೆಯಿತು. ಇಂಗ್ಲೆಂಡಿನ ರ‍್ಯಾಂಡಾಲ್ಫ್ ಕಾಲ್ಡೆಕಾಟ್‌ನ ಮೊದಲ ಎರಡು ಬಣ್ಣದ ಪುಸ್ತಕಗಳು 1878ರ ಕ್ರಿಸ್‌ಮಸ್‌ಗೆಂದೇ ಹೊರಬಂದವು. ಒಂದು ಶಿಲ್ಲಿಂಗ್‌ಗೆ ಒಂದು. ಮುಂದೆ 1885ರವರೆಗೆ ವರ್ಷಕ್ಕೆರಡರಂತೆ ಒಟ್ಟು 16. ಪದ ಹೇಳದ್ದನ್ನು ಚಿತ್ರ ಹೇಳಬೇಕು ಎಂಬ ಇಂದಿನ ಚಿತ್ರಪುಸ್ತಕದ ಸೂತ್ರ ಅವನಿಂದಲೇ ಬಂತೆಂದು ಬಲ್ಲವರು ಹೇಳುತ್ತಾರೆ.

ಈಗ ಹಿಮವನ್ನು ಬದಿಗಿಟ್ಟು ಮೂಲ ಕಥೆಗೆ ಬರೋಣ. ಲೂಕನ ಸುವಾರ್ತೆಯಲ್ಲಿ ಇರುವುದು ಇಷ್ಟು: ಬೇತ್ಲೆಹೇಮಿಗೆ ಬಂದ ದಂಪತಿಗೆ ತಂಗಲು ಜಾಗ ಸಾಲಲಿಲ್ಲ, ತಾಯಿ ಹಸುಗೂಸನ್ನು ಬಟ್ಟೆಯಲ್ಲಿ ಸುತ್ತಿ ದನಗಳಿಗೆ ಮೇವು ಹಾಕುವ ಕಡೆ ಮಲಗಿಸಿದಳು, ಹೊಲದಲ್ಲಿ ರಾತ್ರಿ ಹಿಂಡು ಕಾಯುತ್ತಿದ್ದ ಕುರುಬರಿಗೆ ಸುದ್ದಿ ತಲುಪಿತು. ಮೇವು ಹಾಕುವ ಆ ಜಾಗಕ್ಕೆ ಕನ್ನಡ ಬೈಬಲ್ ಬಳಸುವ ಮಾತು 'ಗೋದಲಿ'. ಇಂಗ್ಲಿಷ್ ಮಗುವಿಗೆ ಅದರ ಸಮಾನಪದವನ್ನು ಇಂದು ಅರ್ಥ ಬಿಡಿಸಿ ಹೇಳಬೇಕು. ಅದು ಕ್ರಿಸ್‌ಮಸ್ ಹಾಡಿನಲ್ಲಿ ಮಾತ್ರ ಉಳಿದಿರುವ ಪದ. ಆದರೆ ಕೃಷ್ಣೆ-ತುಂಗಭದ್ರೆಯರ ನಡುವಿನ ಈ ದೋಆಬ್ ಸೀಮೆಯ ಒಕ್ಕಲು ಮನೆಗಳಲ್ಲಿ ಅದು ಕೈಗೆ ಸಿಗುವ ವಸ್ತು, ಆಡುಮಾತಿನ 'ಗ್ವಾದಲಿ'. ಎತ್ತು ಮೂತಿ ಹಾಕುವ, ಕಣಿಕೆ ಚೆಲ್ಲಿರುವ, ಮಗು ಹತ್ತಿ ಕೂತು ಬೈಸಿಕೊಳ್ಳುವ ಜಾಗ. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಬರಿದಾಗಿದೆ ಎಂಬುದು ಬೇರೆ ಮಾತು.

ಕುರುಬರ ವಿಷಯವೂ ಹಾಗೆಯೇ. ಪೈರು ಕೊಯ್ದ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದು, ಕಂಬಳಿ ಹೊದ್ದವರು ರಾತ್ರಿಯೆಲ್ಲ ಹಿಂಡಿನ ಪಕ್ಕ ಎಚ್ಚರವಿರುವುದು ಇಲ್ಲಿ ಪುರಾಣವಲ್ಲ, ಸಾಲು ಸಾಲು ಊರುಗಳ ಬದುಕು. ಕ್ರಿಸ್‌ಮಸ್ ಕಥೆಯ ಈ ಪುಟವನ್ನು ಲಂಡನ್ನಿನ ಚಿತ್ರಕಾರ ಪುಸ್ತಕ ನೋಡಿ ಬರೆಯಬೇಕು; ಇಲ್ಲಿಯ ಮಗು ಕಿಟಕಿಯಲ್ಲಿ ಇಣುಕಿದರೆ ಸಾಕು.

ಇನ್ನೂ ಒಂದು ಸೋಜಿಗವಿದೆ. ಚಿತ್ರಪುಸ್ತಕಗಳಲ್ಲಿ ಗೋದಲಿ ಊರಾಚೆಯ ಒಂಟಿ ಕೊಟ್ಟಿಗೆಯಲ್ಲಿರುತ್ತದೆ. ಬಾಗಿಲು ಬಡಿದ ಕಡೆಯೆಲ್ಲ ಛತ್ರದವನು ಇಲ್ಲವೆಂದು ಕೈಯಾಡಿಸುತ್ತಾನೆ. ಲೂಕನಲ್ಲಿ ಕೊಟ್ಟಿಗೆಯ ಹೆಸರೂ ಇಲ್ಲ, ಛತ್ರದವನ ಸುಳಿವೂ ಇಲ್ಲ. ಈಜಿಪ್ಟ್, ಲೆಬನಾನ್, ಜೆರುಸಲೇಮ್‌ಗಳಲ್ಲಿ ದಶಕಗಟ್ಟಲೆ ಪಾಠ ಹೇಳಿದ ಬೈಬಲ್ ವಿದ್ವಾಂಸ ಕೆನೆತ್ ಬೇಯ್ಲಿ, 2008ರ ತಮ್ಮ ಪುಸ್ತಕದಲ್ಲಿ ಆ ನಾಡಿನ ಬಡವರ ಮನೆಯ ನಕ್ಷೆಯನ್ನೇ ಬಿಡಿಸಿಟ್ಟರು. ಒಂದೇ ಕೋಣೆ; ಬಾಗಿಲ ಬಳಿಯ ತಗ್ಗಿನಲ್ಲಿ ರಾತ್ರಿ ದನ ಕಟ್ಟುತ್ತಾರೆ; ಅದಕ್ಕಿಂತ ಎತ್ತರದ ನೆಲದಲ್ಲಿ ಮನೆಮಂದಿ ಮಲಗುತ್ತಾರೆ; ಎರಡರ ಅಂಚಿನಲ್ಲಿ ಗೋದಲಿ. 'ಛತ್ರ' ಎಂದು ಅನುವಾದವಾಗುತ್ತಿದ್ದ ಗ್ರೀಕ್ ಪದಕ್ಕೆ ಅತಿಥಿಗಳ ಕೋಣೆ ಎಂಬ ಅರ್ಥವಿದ್ದು, ಅದು ಮೊದಲೇ ತುಂಬಿದ್ದರಿಂದ ಮನೆಯವರು ತಮ್ಮ ಜೊತೆಗೇ ಬಾಣಂತಿಗೆ ಜಾಗ ಮಾಡಿದರು ಎಂಬುದು ಅವರ ವಾದ. ಎಲ್ಲ ವಿದ್ವಾಂಸರೂ ಒಪ್ಪಿದ ಮಾತಲ್ಲ. ಆದರೆ ಉತ್ತರ ಕರ್ನಾಟಕದ ಹಳೆಯ ಅಂಕಣದ ಮನೆ ಕಂಡವರಿಗೆ ಈ ನಕ್ಷೆ ಹೊಸದೆನಿಸದು. ಹೊಸ್ತಿಲು ದಾಟಿದರೆ ತಗ್ಗಿನಲ್ಲಿ ದನ, ಮೆಟ್ಟಿಲೇರಿದರೆ ಪಡಸಾಲೆ. ಹೊರಗೆ ದೂಡಿಸಿಕೊಂಡ ಕೂಸಿನ ಕಥೆ ಒಳಗೆ ಕರೆಸಿಕೊಂಡ ಕೂಸಿನ ಕಥೆಯಾಗುತ್ತದೆ. ಮಲಗುವ ಹೊತ್ತಿನಲ್ಲಿ ಚಿಕ್ಕ ಮಗುವಿಗೆ ಹೇಳಲು ಇವೆರಡರಲ್ಲಿ ಯಾವುದು ಮೇಲೆಂದು ತಾಯಂದಿರಿಗೆ ಹೇಳಿಕೊಡಬೇಕಿಲ್ಲ.

ಚಿತ್ರದಲ್ಲಿ ತಪ್ಪದೆ ಕಾಣುವ ಎತ್ತು, ಕತ್ತೆಗಳೂ ಸುವಾರ್ತೆಯಲ್ಲಿಲ್ಲ. ಯೆಶಾಯನ ಪ್ರವಾದನೆಯ ಒಂದು ಮಾತಿನಿಂದ ಅವು ಕಥೆಯೊಳಗೆ ನಡೆದು ಬಂದವು. 1223ರಲ್ಲಿ ಇಟಲಿಯ ಗ್ರೆಚ್ಚೋ ಎಂಬ ಊರಿನಲ್ಲಿ ಅಸ್ಸೀಸಿಯ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿಯ ಬಳಿ ಜೀವಂತ ಎತ್ತು, ಕತ್ತೆಗಳನ್ನೇ ತಂದು ನಿಲ್ಲಿಸಿದ. ಹಾಗೆಯೇ ಮತ್ತಾಯನ ಸುವಾರ್ತೆ ಮೂಡಣದ ಜೋಯಿಸರ ಮೂರು ಕಾಣಿಕೆಗಳನ್ನು ಹೇಳುತ್ತದೆಯೇ ಹೊರತು ತಂದವರು ಮೂವರು ಎನ್ನುವುದಿಲ್ಲ, ರಾಜರು ಎನ್ನುವುದೂ ಇಲ್ಲ. ಕಾಲಕಾಲದ ಚಿತ್ರಕಾರರು ತಮಗೆ ಗೊತ್ತಿದ್ದುದನ್ನು ಸೇರಿಸುತ್ತಲೇ ಬಂದಿದ್ದಾರೆ. ಆಸ್ಟ್ರೇಲಿಯದ ಜೂಲಿ ವಿವಾಸ್ 1986ರ ಪುಸ್ತಕದಲ್ಲಿ ದೇವದೂತನ ಕಾಲಿಗೆ ಕೂಲಿಯವರ ಬೂಟು ತೊಡಿಸಿದರು. ಗೋವೆಯ ಆಂಜೆಲೊ ದ ಫೊನ್ಸೆಕಾ ಮರಿಯಳಿಗೆ ಸೀರೆ ಉಡಿಸಿದರು. ಬೆಂಗಳೂರಿನ ಬಳಿಯ ಸಿಲ್ವೆಪುರದ ಕಲಾವಿದ ಜ್ಯೋತಿ ಸಾಹಿ ಏಸುವಿನ ಕಥೆಯನ್ನು ನಮ್ಮ ಜನಪದದ ರೇಖೆಗಳಲ್ಲಿ ಕಂಡರು. ಹಾಗಿರುವಾಗ ಕುರುಬನ ಹೆಗಲಿಗೆ ಕರಿಯ ಕಂಬಳಿ ಏಕೆ ಬಾರದು?

ಬರಬಹುದಿತ್ತು, ಹೆಚ್ಚು ಬಂದಿಲ್ಲ. ಕನ್ನಡಕ್ಕೂ ಕ್ರಿಸ್ತನ ಕಥೆಗೂ ನಂಟು ಹೊಸದಲ್ಲ. ರಾಯಚೂರು ಜಿಲ್ಲೆಯದೇ ಆದ ಮುದಗಲ್ಲಿನ ಕ್ಯಾಥೊಲಿಕ್ ಸಮುದಾಯ ಆದಿಲಶಾಹಿಯ ಕಾಲದಷ್ಟು ಹಳೆಯದು. ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರಲು ದುಡಿದರು. ಗೋವಿಂದ ಪೈಗಳು 'ಗೊಲ್ಗೊಥಾ' ಬರೆದರು. ಆದರೆ ಐದು ವರ್ಷದೊಳಗಿನ ಮಗುವಿಗೆಂದೇ ಕನ್ನಡದಲ್ಲಿ ಬರೆದು, ಇಲ್ಲಿಯ ನೆಲವನ್ನೇ ಚಿತ್ರಿಸಿದ ಕ್ರಿಸ್‌ಮಸ್ ಪುಸ್ತಕ ವಿರಳ. ಒಂದು ಕಾಲದಲ್ಲಿ ಅಗ್ಗದ ಬೆಲೆಗೆ ಕನ್ನಡದಲ್ಲೂ ಸಿಗುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕಗಳು 1991ರ ನಂತರ ನಿಂತವು. (ಸೋವಿಯತ್ ನಾಡಿನಲ್ಲಿ ಅಲಂಕರಿಸಿದ ಫರ್ ಮರವನ್ನು ಮೊದಲು ದೂರವಿಟ್ಟು, 1935ರ ಕೊನೆಗೆ 'ಹೊಸ ವರ್ಷದ ಮರ' ಎಂಬ ಹೆಸರಿನಲ್ಲಿ ಮತ್ತೆ ಬರಮಾಡಿಕೊಂಡದ್ದು ಸ್ವಾರಸ್ಯದ ಸಂಗತಿ.) 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನಂಥ ಸಂಸ್ಥೆಗಳು ಕಡಿಮೆ ಬೆಲೆಯ ಕನ್ನಡ ಚಿತ್ರಪುಸ್ತಕಗಳನ್ನು ಹಳ್ಳಿಗಳಿಗೂ ಮುಟ್ಟಿಸಿವೆ. ದಾರಿ ಇದೆ ಎನ್ನಲು ಹಳೆಯ ನಿದರ್ಶನವೂ ಉಂಟು. ಬ್ರೌನಿಂಗ್‌ನ ಜರ್ಮನ್ ಊರು ಕುವೆಂಪು ಕೈಯಲ್ಲಿ ಬೊಮ್ಮನಹಳ್ಳಿಯಾಯಿತು, ಅಲ್ಲಿಯ ಹೊಳೆ ತುಂಗೆಯಾಯಿತು. ಕಿಂದರಿಜೋಗಿ ಪರದೇಶದವನೆಂದು ಯಾವ ಕನ್ನಡ ಮಗುವೂ ದೂರಲಿಲ್ಲ.

ಅಲ್ಲಿಯವರೆಗೆ ಇರುವ ಪುಸ್ತಕವನ್ನೇ ಹಂಚಿಕೊಳ್ಳಬೇಕು. ಅದಕ್ಕೂ ಒಂದು ಬಗೆಯಿದೆ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳ ತಂದೆ ತಾಯಿಯರಲ್ಲಿ ಒಂದು ಗುಂಪಿಗೆ ಒಂದೇ ಸೂಚನೆ ಕೊಟ್ಟರು: ಓದಿ ಮುಗಿಸಬೇಡಿ, ಕೇಳುತ್ತ ಹೋಗಿ, ಮಗು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸಿ ತಿರುಗಿ ಹೇಳಿ. ನಾಲ್ಕು ವಾರಗಳಲ್ಲಿ ಆ ಮಕ್ಕಳು ಮಾತಿನಲ್ಲಿ ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಹಾಗಾಗಿ ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಗಾಬರಿ ಬೇಡ. ಅಕ್ಷರ ಮುಚ್ಚಿಟ್ಟು ಚಿತ್ರವನ್ನು ಮನೆಯ ಮಾತಿನಲ್ಲಿ, ಅದು ಕನ್ನಡವಿರಲಿ, ತೆಲುಗು, ಉರ್ದುವಿರಲಿ, ಆಡಿದರಾಯಿತು. "ಎತ್ತಿನ ಗ್ವಾದಲ್ಯಾಗ ಕೂಸು ಮಲಗಿದ್ರ, ಎತ್ತು ಎಲ್ಲಿ ತಿಂತು?" ಎಂದು ಮಗುವೇ ಕೇಳಿದರೆ ಪುಟ ತಿರುವುವ ಅವಸರ ಬೇಡ. ಹೆರೋದ ಅರಸನ ಕೊಲೆಗಡುಕತನವನ್ನು ಕೆಲವು ಪುಸ್ತಕಗಳು ಬಿಡದೆ ಹೇಳುತ್ತವೆ. ಆ ಪುಟವನ್ನು ಇನ್ನೆರಡು ವರ್ಷ ಅಂಟಿಸಿಟ್ಟರೂ ನಷ್ಟವಿಲ್ಲ.

ಪುಸ್ತಕವೇ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ ಎಂಟು ಹಾಳೆ, ಗೋಣಿದಾರ, ದಬ್ಬಣ, ಮೈದಾ ಅಂಟು ಸಾಕು. ಕುರಿಗೆ ಹತ್ತಿ, ಗೋದಲಿಗೆ ನಾಲ್ಕು ಎಸಳು ಕಣಿಕೆ, ನಕ್ಷತ್ರಕ್ಕೆ ಮಿಠಾಯಿ ಸುತ್ತಿದ ಬೆಳ್ಳಿಕಾಗದ. ಬರೆಹ ಪುಟಕ್ಕೊಂದು ಸಾಲು ಮೀರದಿರಲಿ. ಮಗು ಬಾಯಿಗೆ ಹಾಕುವ ವಯಸ್ಸಿನದಾದರೆ ಅಂಚುಗಳನ್ನು ಬಟ್ಟೆಪಟ್ಟಿಯಿಂದ ಹೊಲಿಯುವುದು ಒಳ್ಳೆಯದು.