ರೈತ ಸಭೆಯಲ್ಲಿ ತಾಂತ್ರಿಕ ಮಾಹಿತಿಯ ಮೌಖಿಕ ಮಂಡನೆ: ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಿಗೆ ಕೆಲವು ಸಲಹೆಗಳು

ಕೃಷಿಯ ತಾಂತ್ರಿಕ ಮಾಹಿತಿ ಹೆಚ್ಚಿನ ರೈತರನ್ನು ತಲುಪುವುದು ಇಂದಿಗೂ ಮಾತಿನ ಮೂಲಕವೇ. ಗ್ರಾಮ ಪಂಚಾಯಿತಿಯ ಸಭಾಂಗಣ, ರೈತ ಸಂಪರ್ಕ ಕೇಂದ್ರದ ಅಂಗಳ, ದೇವಸ್ಥಾನದ ಕಟ್ಟೆ, ಸ್ವಸಹಾಯ ಸಂಘದ ಬೈಠಕ್, ಹೊಲದ ಬದು ಇವೇ ಅದರ ವೇದಿಕೆಗಳು. ಅಲ್ಲಿ ಕೇಳಿದ ಮಾತನ್ನು ನಂಬಿ ರೈತರು ಮರುದಿನವೇ ಹಣ ಖರ್ಚು ಮಾಡುತ್ತಾರೆ. ಹೀಗಾಗಿ ಒಂದು ಅಂಕಿಯನ್ನು ಅಸ್ಪಷ್ಟವಾಗಿ ಹೇಳಿದರೂ ಬೆಳೆ ಸುಡಬಹುದು, ಇಲ್ಲವೇ ಸಿಂಪಡಣೆಯ ಖರ್ಚು ವ್ಯರ್ಥವಾಗಬಹುದು. ಈ ನಾಲ್ಕು ತಾಲ್ಲೂಕುಗಳಲ್ಲಿ ಇಂತಹ ಮಂಡನೆಯನ್ನು ಹೇಗೆ ಸಿದ್ಧಪಡಿಸಿಕೊಳ್ಳಬೇಕು ಮತ್ತು ಹೇಗೆ ನಡೆಸಬೇಕು ಎಂಬುದನ್ನು ವಿಸ್ತರಣಾ ಕಾರ್ಯಕರ್ತರಿಗಾಗಿ ಇಲ್ಲಿ ವಿವರಿಸಲಾಗಿದೆ. ಸಭೆಗಳಲ್ಲಿ ತಮ್ಮ ಅನುಭವ ಹೇಳಲು ಎದ್ದು ನಿಲ್ಲುವ ರೈತ ಬಾಂಧವರಿಗೂ ಇದು ಅನ್ವಯಿಸುತ್ತದೆ.

ಒಂದು ಸಭೆಗೆ ಒಂದೇ ತೀರ್ಮಾನ

ಸಿದ್ಧತೆಯನ್ನು ವಿಷಯದಿಂದ ಆರಂಭಿಸಬೇಡಿ. ಕೇಳುಗರು ಮನೆಗೆ ಹೋಗಿ ಏನು ಮಾಡಬೇಕು ಎಂಬುದರಿಂದ ಆರಂಭಿಸಿ. ‘ಗೋವಿನಜೋಳದಲ್ಲಿ ಸಮಗ್ರ ಕೀಟ ನಿರ್ವಹಣೆ’ ಎಂಬುದು ಪಠ್ಯದ ಅಧ್ಯಾಯ. ‘ಈ ವಾರ ನಿಮ್ಮ ಹೊಲದ ಸುಳಿ ಬಿಡಿಸಿ ನೋಡಿ, ಹುಳು ಚಿಕ್ಕದಿರುವಾಗಲೇ ಸುಳಿಯೊಳಗೆ ಬೀಳುವಂತೆ ಸಿಂಪಡಿಸಿ’ ಎಂಬುದು ತೀರ್ಮಾನ. ಎರಡನೆಯದನ್ನು ಹಾಳೆಯ ಮೇಲೆ ಒಂದೇ ವಾಕ್ಯದಲ್ಲಿ ಬರೆಯಲು ನಿಮಗೆ ಸಾಧ್ಯವಾಗದಿದ್ದರೆ ಮಂಡನೆ ಇನ್ನೂ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು.

ಫಾಲ್ ಸೈನಿಕ ಹುಳುವಿನ ಉದಾಹರಣೆಯನ್ನೇ ಮುಂದುವರಿಸೋಣ. ಭಾರತದಲ್ಲಿ ಈ ಕೀಟ ಮೊದಲು ವರದಿಯಾದದ್ದು 2018ರಲ್ಲಿ, ನಮ್ಮ ರಾಜ್ಯದಲ್ಲಿಯೇ. ಅಮೆರಿಕ ಖಂಡದಿಂದ ಆಫ್ರಿಕಾದ ಮೂಲಕ ಅದು ಸಾಗಿ ಬಂದ ಕಥೆ ಸ್ವಾರಸ್ಯಕರವಾಗಿದೆ, ಜೀವನಚಕ್ರದ ಚಿತ್ರವೂ ಸುಂದರವಾಗಿದೆ. ಆದರೆ ಸಭೆಗೆ ಇರುವುದು ಇಪ್ಪತ್ತು ನಿಮಿಷ. ಆ ಅವಧಿಯಲ್ಲಿ ರೈತರು ಗುರುತಿಸಲು ಕಲಿಯಬೇಕಾದ ಲಕ್ಷಣಗಳು ಮೂರು ಮಾತ್ರ: ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತಹ ಬಿಳಿ ಗುರುತು, ದೇಹದ ಹಿಂಭಾಗದಲ್ಲಿ ಚೌಕಾಕಾರದಲ್ಲಿರುವ ನಾಲ್ಕು ಕಪ್ಪು ಚುಕ್ಕೆ, ಸುಳಿಯಲ್ಲಿ ಮರದ ಪುಡಿಯಂತೆ ಕಾಣುವ ಹಿಕ್ಕೆ. ಉಳಿದುದನ್ನು ಪ್ರಶ್ನೆ ಬಂದಾಗ ಹೇಳಿದರೆ ಸಾಕು. ಗೊತ್ತಿರುವುದನ್ನೆಲ್ಲ ಹೇಳಿಬಿಡಬೇಕೆಂಬ ಆಸೆಯೇ ಕಲಿತವರ ದೊಡ್ಡ ತೊಡಕು.

ಸಭೆಯಲ್ಲಿ ಕುಳಿತವರು ಯಾರು?

ನಾಲ್ಕೂ ತಾಲ್ಲೂಕುಗಳ ಭಾಗ ರಾಜ್ಯದ ಗುಡ್ಡಗಾಡು ಕೃಷಿ ವಲಯದಲ್ಲಿಯೇ ಸೇರಿದ್ದರೂ ಕೇಳುಗರು ಒಂದೇ ಬಗೆಯವರಲ್ಲ. ಹಳಿಯಾಳದ ಬಯಲಿನಲ್ಲಿ ಕಬ್ಬು, ಗೋವಿನಜೋಳ, ಹತ್ತಿ ಮತ್ತು ಕೂರಿಗೆ ಭತ್ತ ಬೆಳೆಯುವ ರೈತರಲ್ಲಿ ಮರಾಠಿ ಮಾತನಾಡುವವರು ಬಹಳ. ಜೋಯಿಡಾದ ಕುಣಬಿ ಕುಟುಂಬಗಳ ಮನೆಮಾತು ಕೊಂಕಣಿ. ಅಲ್ಲಿ ನಾಟಿ ಭತ್ತ, ಅಡಿಕೆ ಮತ್ತು ಬಗೆಬಗೆಯ ಗೆಡ್ಡೆ ಗೆಣಸು ಬದುಕಿನ ಭಾಗ. ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮತ್ತು ಗೌಳಿ ವಾಡಿಗಳ ಮಾತಿನ ರೀತಿಯೇ ಬೇರೆ. ಮುಂಡಗೋಡದಲ್ಲಿ 1960ರ ದಶಕದಿಂದ ಟಿಬೆಟಿಯನ್ ನೆಲೆಯೂ ಇದೆ. ಹಿಂದೆ ಹಳಿಯಾಳಕ್ಕೆ ಸೇರಿದ್ದ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಅಥವಾ ಪ್ರವಾಸೋದ್ಯಮದ ಕೆಲಸದ ಜೊತೆಗೆ ತುಂಡು ಭೂಮಿ ಮಾಡುವವರು ರಜೆಯ ದಿನವೇ ಸಭೆಗೆ ಬರಬಲ್ಲರು.

ಹೀಗಾಗಿ ಮೊದಲ ಕೆಲಸ, ಊರಿನ ಒಬ್ಬರನ್ನು ಹಿಂದಿನ ದಿನವೇ ಭೇಟಿಯಾಗಿ ಅಲ್ಲಿನ ಪದಗಳನ್ನು ಕೇಳಿಕೊಳ್ಳುವುದು. ಬಯಲು ಭಾಗದಲ್ಲಿ ಕೀಟನಾಶಕವನ್ನು ‘ಎಣ್ಣೆ’ ಎನ್ನುವವರಿದ್ದಾರೆ. ಅಂಥವರ ಎದುರು ‘ಬೇವಿನ ಎಣ್ಣೆ’ ಎಂದಾಗ ಬೇವಿನ ಹೆಸರಿನ ಯಾವುದೋ ಕೀಟನಾಶಕವೆಂದು ಅವರು ತಿಳಿದರೆ ತಪ್ಪು ಅವರದಲ್ಲ. ‘ಗೊಬ್ಬರ’ ಎಂದರೆ ತಿಪ್ಪೆಯ ಗೊಬ್ಬರವೋ, ಕೆಲವರು ‘ಸರಕಾರಿ ಗೊಬ್ಬರ’ ಎನ್ನುವ ರಾಸಾಯನಿಕ ಗೊಬ್ಬರವೋ ಎಂಬುದನ್ನು ಪ್ರತಿ ಸಲವೂ ಬಿಡಿಸಿ ಹೇಳಬೇಕು. ಭಾಷಾಂತರ ಮಾಡುವವರು ಜೊತೆಗಿದ್ದರೆ ಒಂದೊಂದೇ ಚಿಕ್ಕ ವಾಕ್ಯ ಹೇಳಿ ನಿಲ್ಲಿ. ಪ್ರಮಾಣದ ಅಂಕಿಯನ್ನು ಕೇಳುಗರ ಮನೆಮಾತಿನಲ್ಲಿಯೂ ಹೇಳಿಸಿ, ಹಲಗೆಯ ಮೇಲೆ ಬರೆಯಿರಿ.

ಸಮಯದ ಆಯ್ಕೆಯೂ ಸಿದ್ಧತೆಯ ಭಾಗವೇ. ಭತ್ತ ತೆನೆಯೊಡೆದ ಮೇಲೆ ಆನೆ, ಕಾಡುಹಂದಿಗಳ ಕಾವಲಿಗೆ ಸಂಜೆಯೇ ಹೊಲ ಸೇರಬೇಕಾದವರನ್ನು ಐದು ಗಂಟೆಗೆ ಕೂಡಿಸಿದರೆ ಅವರ ಕಿವಿ ಸಭೆಯಲ್ಲಿರುವುದಿಲ್ಲ. ಜೋಯಿಡಾದ ದೂರದ ಮಜಿರೆಗಳಿಂದ ಬಂದವರಿಗೆ ಕೊನೆಯ ಬಸ್ಸಿನ ಚಿಂತೆ. ಮಹಿಳೆಯರು ಬಿತ್ತನೆ, ನಾಟಿ, ಕಳೆ, ಬೀಜ ಸಂಗ್ರಹಣೆಯ ಬಹುಪಾಲು ಕೆಲಸ ಮಾಡುವವರಾದರೂ ಸಭೆಯಲ್ಲಿ ಹಿಂದೆ ಕೂರುತ್ತಾರೆ. ಬಂದ ಕೂಡಲೇ ‘ಅಕ್ಕಾ, ಮುಂದೆ ಬನ್ನಿ’ ಎಂದು ಕರೆದು ಮಾದರಿಗಳನ್ನು ಮೊದಲು ಅವರ ಕೈಗೇ ಕೊಡಿ.

ಅಂಕಿಗಳನ್ನು ರೈತರ ಅಳತೆಗೆ ಇಳಿಸುವುದು

ತಾಂತ್ರಿಕ ಮಂಡನೆಗಳು ಹೆಚ್ಚಾಗಿ ಸೋಲುವುದು ಇಲ್ಲಿಯೇ. ಗೋವಿನಜೋಳದ ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್.ಜಿ. ಯನ್ನು ಪ್ರತಿ ಲೀಟರ್ ನೀರಿಗೆ 0.4 ಗ್ರಾಂ ಬೆರೆಸಿ ಸಿಂಪಡಿಸಬೇಕು ಎಂಬುದು ಶಿಫಾರಸು. ಪುಸ್ತಕದಲ್ಲಿ ಇದು ಸರಿ. ಆದರೆ ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ‘ಸೊನ್ನೆ ಬಿಂದು ನಾಲ್ಕು’ ಎಂದಾಗ ಹಿಂದಿನ ಸಾಲಿಗೆ ‘ನಾಲ್ಕು’ ಮಾತ್ರ ಕೇಳಿಸುತ್ತದೆ. ಪ್ರಮಾಣ ಹತ್ತು ಪಟ್ಟಾಯಿತು. ಅಷ್ಟೇ ಅಲ್ಲ, 0.4 ಗ್ರಾಂ ತೂಗುವ ತಕ್ಕಡಿ ಯಾವ ರೈತರ ಮನೆಯಲ್ಲಿದೆ?

ಆದ್ದರಿಂದ ಲೀಟರಿನ ಲೆಕ್ಕವನ್ನು ಪಂಪಿನ ಲೆಕ್ಕಕ್ಕೆ ತನ್ನಿ. ಮೊದಲು ‘ನಿಮ್ಮ ಪಂಪು ಎಷ್ಟು ಲೀಟರಿನದು?’ ಎಂದು ಕೇಳಿ. 15 ಲೀಟರಿನ ಪಂಪಾದರೆ 6 ಗ್ರಾಂ. 16 ಲೀಟರಿನದಾದರೆ 6.4 ಗ್ರಾಂ. ಎಕರೆಗೆ 200 ಲೀಟರ್ ದ್ರಾವಣ ಬೇಕಾದರೆ 80 ಗ್ರಾಂ ಪುಡಿ, 15 ಲೀಟರಿನ ಹದಿಮೂರು ಪಂಪುಗಳಿಗಿಂತ ತುಸು ಹೆಚ್ಚು. ಈ ಲೆಕ್ಕ ಹೇಳಿದ ಕೂಡಲೇ ಎಷ್ಟು ಪೊಟ್ಟಣ ಕೊಳ್ಳಬೇಕು, ಎಷ್ಟು ಆಳು ಬೇಕು ಎಂಬುದು ಕೇಳುಗರ ಮನಸ್ಸಿನಲ್ಲಿಯೇ ಮೂಡುತ್ತದೆ. ‘ಒಂದು ಮುಚ್ಚಳ’, ‘ಒಂದು ಚಮಚ’ ಎಂಬ ಅಳತೆಗಳನ್ನು ಮಾತ್ರ ಬಳಸಬೇಡಿ. ಮುಚ್ಚಳಗಳು ಕಂಪನಿಯಿಂದ ಕಂಪನಿಗೆ ಬೇರೆ. ಪುಡಿಗಳ ಸಾಂದ್ರತೆಯೂ ಬೇರೆ. ಪೊಟ್ಟಣದ ಜೊತೆ ಬರುವ ಅಳತೆಪಾತ್ರೆ ಇದ್ದರೆ ಅದನ್ನೇ ಎತ್ತಿ ತೋರಿಸಿ, ಇಲ್ಲವಾದರೆ ಚಿಕ್ಕ ಡಿಜಿಟಲ್ ತಕ್ಕಡಿಯನ್ನು ಸಭೆಗೆ ಒಯ್ಯಿರಿ. ಅಕ್ಷರ ಓದಲಾರದವರಿಗೆ ಪೊಟ್ಟಣದ ಮೇಲಿನ ಬಣ್ಣದ ತ್ರಿಕೋನವನ್ನು ತೋರಿಸಿ: ವಿಷದ ತೀವ್ರತೆ ಕೆಂಪು, ಹಳದಿ, ನೀಲಿ, ಹಸಿರು ಎಂಬ ಕ್ರಮದಲ್ಲಿ ಇಳಿಯುತ್ತದೆ.

ಗೊಬ್ಬರದ ಲೆಕ್ಕದಲ್ಲಿಯೂ ಹೀಗೆಯೇ. ಹೆಕ್ಟೇರಿಗೆ 100 ಕಿ.ಗ್ರಾಂ ಸಾರಜನಕ ಎಂಬ ಶಿಫಾರಸನ್ನು ತೆಗೆದುಕೊಳ್ಳಿ. ನಮ್ಮ ರೈತರ ಲೆಕ್ಕ ಎಕರೆ, ಗುಂಟೆಗಳಲ್ಲಿ. ಎಕರೆಗೆ ಅದು ಸುಮಾರು 40 ಕಿ.ಗ್ರಾಂ. ಯೂರಿಯಾದಲ್ಲಿ ಸಾರಜನಕ ಶೇ. 46 ಇರುವುದರಿಂದ 87 ಕಿ.ಗ್ರಾಂ ಯೂರಿಯಾ ಬೇಕು. ಅಂದರೆ 45 ಕಿ.ಗ್ರಾಂ ತೂಕದ ಎರಡು ಚೀಲಕ್ಕೆ ತುಸು ಕಡಿಮೆ. ಬಿತ್ತುವಾಗ 50 ಕಿ.ಗ್ರಾಂ ಡಿ.ಎ.ಪಿ. ಹಾಕಿದ್ದರೆ ಅದರಿಂದಲೇ 9 ಕಿ.ಗ್ರಾಂ ಸಾರಜನಕ ಬಂದಿರುತ್ತದೆ, ಅಷ್ಟನ್ನು ಕಳೆಯಬೇಕು. ಈ ಕಳೆಯುವ ಲೆಕ್ಕವನ್ನು ಹೇಳದೆ ಬಿಡುವುದು ನಮ್ಮಲ್ಲಿ ಸಾಮಾನ್ಯ. ರೈತರು ಅರ್ಧ ಚೀಲಕ್ಕೆ ಹತ್ತಿರದಷ್ಟು ಯೂರಿಯಾವನ್ನು ಸುಮ್ಮನೆ ಚೆಲ್ಲುವುದು ಇದರಿಂದಲೇ. ಗುಂಟೆಯ ಲೆಕ್ಕ ಹೇಳುವಾಗ ಅಂಗಳದಲ್ಲಿ 33 ಅಡಿ ಉದ್ದ, 33 ಅಡಿ ಅಗಲ ಅಳೆದು ನಾಲ್ಕು ಗೂಟ ನೆಟ್ಟು, ಅಷ್ಟಕ್ಕೆ ಬೇಕಾದ ಗೊಬ್ಬರವನ್ನು ಬುಟ್ಟಿಯಲ್ಲಿ ತೋರಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಮಾತಿಗಿಂತ ಮೊದಲು ಪ್ರಾತ್ಯಕ್ಷಿಕೆ

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಬಳಕೆ ಹೊಸತಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಎಲ್.ಸಿ. ಕೋಲ್ಮನ್ ಅವರು 1910ರ ಸುಮಾರಿಗೇ ಈ ರೋಗದ ಅಧ್ಯಯನ ನಡೆಸಿ ದ್ರಾವಣವನ್ನು ಬಳಕೆಗೆ ತಂದವರು. ನೂರು ವರ್ಷ ಕಳೆದರೂ ‘ಔಷಧಿ ಹೊಡೆದರೂ ಕೊಳೆ ನಿಲ್ಲಲಿಲ್ಲ’ ಎಂಬ ಮಾತು ಅಡಿಕೆ ಸೀಮೆಯಲ್ಲಿ ಕೇಳಿಬರುತ್ತಲೇ ಇದೆ. ಅನೇಕ ವೇಳೆ ದೋಷವಿರುವುದು ದ್ರಾವಣ ತಯಾರಿಕೆಯಲ್ಲಿ. ಇದನ್ನು ಭಾಷಣದಿಂದ ತಿದ್ದುವುದು ಕಷ್ಟ, ಎರಡು ಪ್ಲಾಸ್ಟಿಕ್ ಬಕೆಟ್ಟುಗಳಿಂದ ಸುಲಭ.

ಶೇ. 1ರ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು. ಸಭೆಯಲ್ಲಿ ಇದನ್ನೇ 10 ಗ್ರಾಂ, 10 ಗ್ರಾಂ ಮತ್ತು 1 ಲೀಟರಿಗೆ ಇಳಿಸಿ. ಅರ್ಧ ಲೀಟರ್ ನೀರಿನಲ್ಲಿ ಮೈಲುತುತ್ತವನ್ನೂ ಇನ್ನರ್ಧ ಲೀಟರಿನಲ್ಲಿ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ದ್ರಾವಣವನ್ನು ಸುಣ್ಣದ ತಿಳಿಗೆ ನಿಧಾನವಾಗಿ ಸುರಿಯುತ್ತ ಕಲಕಿ. ಲೋಹದ ಪಾತ್ರೆ ಬಳಸಬಾರದು. ನಂತರ ಸಭಿಕರಲ್ಲಿ ಒಬ್ಬರಿಂದ ಸ್ವಚ್ಛವಾದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿಸಿ. ಅಲಗಿನ ಮೇಲೆ ಕೆಂಪು ಛಾಯೆ ಮೂಡಿದರೆ ಬಿಡಿ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಮೂಡದಿದ್ದರೆ ದ್ರಾವಣ ಸಿದ್ಧ. ಒಂದು ಮಾತು ನೆನಪಿಡಿ: ಬೇಕೆಂದೇ ಸುಣ್ಣ ಕಡಿಮೆ ಹಾಕಿದ ಇನ್ನೊಂದು ಬಕೆಟ್ಟನ್ನೂ ಸಿದ್ಧವಾಗಿಡಬೇಕು. ತಪ್ಪಿನಿಂದ ಅಲಗು ಕೆಂಪಾಗುವುದನ್ನು ಕಣ್ಣಾರೆ ಕಂಡವರು ಪರೀಕ್ಷೆ ಮಾಡದೆ ಸಿಂಪಡಿಸಲಾರರು. ಇಂತಹ ಪ್ರಾತ್ಯಕ್ಷಿಕೆ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಮೊದಲ ಸಿಂಪಡಣೆಯ ಹೊತ್ತಿಗೆ ನಡೆಯಬೇಕು. ಕೊಳೆ ಬಿದ್ದ ಮೇಲೆ ಜುಲೈನಲ್ಲಿ ನಡೆಸಿದರೆ ಅದು ಸಮಾಧಾನದ ಮಾತಾದೀತೇ ಹೊರತು ಸಲಹೆಯಾಗದು.

ಪರದೆಯ ಮೇಲಿನ ಚಿತ್ರಗಳನ್ನು ಬೇಡವೆನ್ನುವುದಿಲ್ಲ. ವಿದ್ಯುತ್ ಇದ್ದರೆ, ಕೊಠಡಿ ಕತ್ತಲಾಗಿದ್ದರೆ ತೋರಿಸಿ; ಒಂದು ಚಿತ್ರಕ್ಕೆ ಒಂದು ವಿಷಯ, ಐದಾರು ಚಿತ್ರ ಸಾಕು. ಆದರೆ ವಿದ್ಯುತ್ ಹೋದರೂ ನಡೆಯುವಂತಹ ಮಂಡನೆಯನ್ನೇ ಸಿದ್ಧಪಡಿಸಿಕೊಳ್ಳಿ. ಧಾರವಾಡ ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳು ಚಿತ್ರವೇ ಇಲ್ಲದೆ ದಶಕಗಳ ಕಾಲ ರೈತರಿಗೆ ಬೇಸಾಯ ಹೇಳಿಲ್ಲವೇ?

‘ಅರ್ಥವಾಯಿತೇ?’ ಎಂದು ಕೇಳಬೇಡಿ

ಈ ಪ್ರಶ್ನೆಗೆ ಎಲ್ಲರೂ ತಲೆಯಾಡಿಸುತ್ತಾರೆ. ಅದು ಮರ್ಯಾದೆಯ ತಲೆಯಾಡಿಸುವಿಕೆ. ಅದರ ಬದಲು ‘ಯಜಮಾನರೇ, ನಾಳೆ ನಿಮ್ಮ ಪಂಪಿಗೆ ಎಷ್ಟು ಹಾಕುತ್ತೀರಿ? ಗಿಡದ ಯಾವ ಭಾಗಕ್ಕೆ ಹೊಡೆಯುತ್ತೀರಿ? ದಿನದ ಯಾವ ಹೊತ್ತಿನಲ್ಲಿ?’ ಎಂದು ಕೇಳಿ. ಉತ್ತರ ತಪ್ಪಿದರೆ ‘ನಾನು ಸರಿಯಾಗಿ ಹೇಳಲಿಲ್ಲ’ ಎಂದು ಮತ್ತೊಮ್ಮೆ ವಿವರಿಸಿ. ಹತ್ತು ಜನರ ಮುಂದೆ ಹಿರಿಯರನ್ನು ತಿದ್ದಿದರೆ ಮುಂದಿನ ಸಭೆಗೆ ಅವರೂ ಬರುವುದಿಲ್ಲ, ಅವರ ಕೇರಿಯೂ ಬರುವುದಿಲ್ಲ.

ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲವೆಂದೇ ಹೇಳಿ, ಪ್ರಶ್ನೆಯನ್ನು ಎಲ್ಲರೆದುರು ಬರೆದುಕೊಳ್ಳಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರನ್ನು ಕೇಳಿ ಇಂತಹ ದಿನ ತಿಳಿಸುತ್ತೇನೆ ಎಂದು ದಿನವನ್ನೂ ಹೇಳಿ. ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ 1800-180-1551 ಅನ್ನು ಹಲಗೆಯ ಮೇಲೆ ಬರೆದಿಡಿ.

ರೈತರೇ ಮಾತನಾಡುವಾಗ

ರೈತ ಬಾಂಧವರೇ, ತಜ್ಞರ ಮುಂದೆ ಬೆಳೆಯ ಸಮಸ್ಯೆ ಹೇಳುವುದೂ ಒಂದು ತಾಂತ್ರಿಕ ಮಂಡನೆಯೇ. ‘ಭತ್ತ ಹಳದಿಯಾಗಿದೆ, ಏನು ಹೊಡೆಯಲಿ?’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಯಾರಿಗೂ ಸಾಧ್ಯವಿಲ್ಲ. ಹೀಗೆ ಹೇಳಿ ನೋಡಿ: ‘ಎರಡು ಎಕರೆ ಕೂರಿಗೆ ಭತ್ತ. ಬಿತ್ತಿ 40 ದಿನ. ಎಂಟು ದಿನದಿಂದ ಮಳೆಯಿಲ್ಲ. ಹೊಸ ಎಲೆ ಹಳದಿಯಾಗಿದೆ, ಹಳೆಯದು ಹಸಿರಾಗಿಯೇ ಇದೆ. ಎತ್ತರದ ಭಾಗದಲ್ಲಿ ಮಾತ್ರ. ಬಿತ್ತುವಾಗ ಒಂದು ಚೀಲ ಡಿ.ಎ.ಪಿ. ಹಾಕಿದ್ದೆ, ಇದುವರೆಗೆ ಏನೂ ಹೊಡೆದಿಲ್ಲ.’ ಅರ್ಧ ನಿಮಿಷದ ಈ ಮಾತು ತಜ್ಞರ ಅರ್ಧ ಕೆಲಸವನ್ನು ಮುಗಿಸುತ್ತದೆ. ಜೊತೆಗೆ ಬೇರುಸಹಿತ ಕಿತ್ತ ಒಂದು ರೋಗದ ಗಿಡ, ಒಂದು ಆರೋಗ್ಯವಂತ ಗಿಡ, ಸಿಂಪಡಿಸಿದ್ದರೆ ಅದರ ಖಾಲಿ ಪೊಟ್ಟಣದ ಚಿತ್ರವನ್ನು ತನ್ನಿ.

ಧಾರವಾಡದ ಕೃಷಿ ಮೇಳದಲ್ಲಿ ಅಥವಾ ಊರಿನ ಸಭೆಯಲ್ಲಿ ಅನುಭವ ಹಂಚಿಕೊಳ್ಳುವಾಗ ಇಳುವರಿಯನ್ನಷ್ಟೇ ಹೇಳಬೇಡಿ. ಮಣ್ಣು ಯಾವುದು, ನೀರಾವರಿ ಇತ್ತೇ, ಆಳಿನ ಖರ್ಚೆಷ್ಟು, ಯಾವ ವರ್ಷ ಕೈಕೊಟ್ಟಿತು ಎಂಬುದನ್ನು ಬಿಟ್ಟರೆ, ಮಳೆಯಾಶ್ರಯದ ರೈತರು ನಿಮ್ಮ ಅಂಕಿಯನ್ನು ನಂಬಿ ಸಾಲ ಮಾಡಬಹುದು. ಜೋಯಿಡಾದ ಗೆಡ್ಡೆ ಗೆಣಸು ಮೇಳದ ಮಳಿಗೆಯಂತಹ ಕಡೆ ಮಾತು ಸಹಜವಾಗಿಯೇ ಹರಿಯುತ್ತದೆ. ಗೆಡ್ಡೆ ಕೈಯಲ್ಲಿರುತ್ತದೆ, ಯಾವಾಗ ನೆಡಬೇಕು, ಎಂದು ಕೀಳಬೇಕು, ಹೇಗೆ ಬೇಯಿಸಿದರೆ ಬಾಯಿ ತುರಿಸುವುದಿಲ್ಲ ಎಂಬುದು ಅದನ್ನು ತಿರುಗಿಸುತ್ತಲೇ ಹೊರಬರುತ್ತದೆ. ಹಾಳೆ ಹಿಡಿದು ವೇದಿಕೆ ಹತ್ತಿದಾಗಲೂ ಆ ರೀತಿಯನ್ನೇ ಉಳಿಸಿಕೊಳ್ಳಿ.

ವಿಸ್ತರಣಾ ಕಾರ್ಯಕರ್ತರು ಸಭೆ ನಡೆದ ಹತ್ತು ಹನ್ನೆರಡು ದಿನಗಳ ನಂತರ ಅದೇ ಊರಿನ ಮೂರು ನಾಲ್ಕು ಹೊಲಗಳಿಗೆ ಹೋಗಿ, ಪಂಪಿಗೆ ಎಷ್ಟು ಹಾಕಿದಿರಿ ಎಂದು ವಿಚಾರಿಸಬೇಕು. ಬಂದ ಉತ್ತರಗಳನ್ನು ಹೇಳಿದ ಮಾತಿನಲ್ಲಿಯೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಮುಂದಿನ ಊರಿನ ಸಭೆಗೆ ಸಿದ್ಧತೆ ಮಾಡುವಾಗ ಆ ಪುಟವನ್ನು ಮೊದಲು ತೆರೆಯಿರಿ.