ಪೈಥಾನಾ, ಜಾವಾನಾ? ಮೊದಲು ಕೆಲಸ ನೋಡೋಣ

ಮನೆಯಲ್ಲಿ ಬಿಸಿಎ ಅಥವಾ ಇಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ ಈ ಚರ್ಚೆ ನಮಗೆ ಹೊಸದಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್ ಪೈಥಾನ್‌ನಲ್ಲಿ ಮಾಡೋದಾ, ಜಾವಾದಲ್ಲಿ ಮಾಡೋದಾ? ಯಾವ ಕೋರ್ಸಿಗೆ ಸೇರೋದು? ಗಲ್ಫ್‌ನಲ್ಲಿ ದುಡಿದ ಹಣದಿಂದ ಫೀಸು ಕಟ್ಟುವ ನಾವು 'ಯಾವುದು ಒಳ್ಳೇದೋ ಅದನ್ನೇ ಕಲಿ' ಅಂತ ಹೇಳಿ ಸುಮ್ಮನಾಗುತ್ತೇವೆ. ಆದರೆ ಯಾವ ಕೆಲಸಕ್ಕೆ ಅಂತ ಕೇಳದೆ, ಯಾವ ಭಾಷೆ ಒಳ್ಳೇದು ಅಂತ ಹೇಳಲಾಗದು.

ದಿನವೂ ದುಬೈ, ದಮ್ಮಾಮ್‌ಗೆ ನಮ್ಮ ಸಂದೇಶ ಮುಟ್ಟಿಸುವ ವಾಟ್ಸ್‌ಆಪನ್ನೇ ನೋಡಿ. 2009ರಲ್ಲಿ ಶುರುವಾದ ಈ ಕಂಪೆನಿ ತನ್ನ ಸರ್ವರ್‌ಗಳಿಗೆ ಆರಿಸಿಕೊಂಡದ್ದು, ನಮ್ಮಲ್ಲಿ ಹೆಚ್ಚಿನವರು ಹೆಸರೇ ಕೇಳದ ಎರ್ಲಾಂಗ್ ಭಾಷೆಯನ್ನು. ಅದು 1980ರ ದಶಕದಲ್ಲಿ ಸ್ವೀಡನ್‌ನ ಎರಿಕ್ಸನ್ ಕಂಪೆನಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ರೂಪಿಸಿದ ಭಾಷೆ. ಲಕ್ಷಗಟ್ಟಲೆ ಸಂಪರ್ಕಗಳನ್ನು ಒಟ್ಟಿಗೆ ನಿಭಾಯಿಸುವುದು, ಒಂದು ಕಡಿದರೂ ಉಳಿದವು ನಿಲ್ಲದಂತೆ ನೋಡಿಕೊಳ್ಳುವುದು ಅದರ ಗುಣ. 2014ರಲ್ಲಿ ಫೇಸ್‌ಬುಕ್ ಖರೀದಿ ಘೋಷಿಸಿದಾಗ ವಾಟ್ಸ್‌ಆಪ್ ಬಳಕೆದಾರರು ಸುಮಾರು 45 ಕೋಟಿ, ಸಿಬ್ಬಂದಿ 55 ಮಂದಿ ಮಾತ್ರ! ಹಾಗಂತ ಫೋನಿನೊಳಗಿನ ಆಪ್ ಎರ್ಲಾಂಗ್‌ನಲ್ಲಿ ಇರಲಿಲ್ಲ. ಆಂಡ್ರಾಯ್ಡ್‌ಗೆ ಜಾವಾ ಬಳಸಿದ್ದರು. ಕೆಲಸ ಬೇರೆ, ಭಾಷೆಯೂ ಬೇರೆ.

ನಮ್ಮ ಮಕ್ಕಳೂ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಒಂದು, ಇದು ಎಲ್ಲಿ ಓಡಬೇಕು? ಬ್ರೌಸರ್‌ನಲ್ಲಾದರೆ ಜಾವಾಸ್ಕ್ರಿಪ್ಟ್ ಬೇಕೇಬೇಕು. ಆಂಡ್ರಾಯ್ಡ್ ಆಪ್‌ಗೆ ಗೂಗಲ್ 2019ರಿಂದ ಕೋಟ್ಲಿನ್‌ಗೆ ಮೊದಲ ಸ್ಥಾನ ಕೊಟ್ಟಿದೆ. ಎರಡು, ಬೇಕಾದ ಲೈಬ್ರರಿಗಳು ಸಿದ್ಧ ಇವೆಯೇ? ಅಂಕಿಅಂಶ, ಕೃತಕ ಬುದ್ಧಿಮತ್ತೆಯ ಕೆಲಸಕ್ಕೆ ಪೈಥಾನ್ ಹಿಡಿಯುವುದು ಇದೇ ಕಾರಣಕ್ಕೆ.

ಮೂರನೆಯದೇ ನಮ್ಮೂರಿಗೆ ದೊಡ್ಡ ಪ್ರಶ್ನೆ: ನಾಳೆ ಇದನ್ನು ನೋಡಿಕೊಳ್ಳುವವರು ಯಾರು? ಅಂಗಡಿಯ ಲೆಕ್ಕಕ್ಕೋ ಸಂಘದ ವಂತಿಗೆ ಲೆಕ್ಕಕ್ಕೋ ಆಪ್ ಬರೆದ ಹುಡುಗ ವೀಸಾ ಬಂತು ಅಂತ ವಿಮಾನ ಹತ್ತಿದರೆ, ಅಪರೂಪದ ಭಾಷೆಯಲ್ಲಿ ಬರೆದದ್ದನ್ನು ಇಲ್ಲಿ ಯಾರೂ ಮುಟ್ಟಲಾರರು. ಹಾಕಿದ ಹಣ, ಸೇರಿಸಿದ ಲೆಕ್ಕ ಎರಡೂ ಸಿಕ್ಕಿಬೀಳುತ್ತವೆ. ಇಂಥ ಸಣ್ಣ ಕೆಲಸಕ್ಕೆ ಪಕ್ಕದ ಕಾಲೇಜಿನ ನಾಲ್ಕು ಮಕ್ಕಳಿಗೂ ಬರುವ ಭಾಷೆಯೇ ಲೇಸು.

ಮುಂದಿನ ಸಲ ಮಗಳು ಕೋರ್ಸಿನ ಫೀಸು ಕೇಳಿದಾಗ, ಕೊಡುವ ಮೊದಲು 'ಏನು ಮಾಡ್ಬೇಕು ಅಂತ ಇದ್ದೀ?' ಅಂತ ಕೇಳೋಣ. ಅದಕ್ಕೆ ಅವಳಲ್ಲಿ ಉತ್ತರ ಇದ್ದರೆ ಭಾಷೆ ಆರಿಸುವುದು ಕಷ್ಟವಲ್ಲ.